ಒಂದು ಗೇಣು ದಾರ

ಕೌದಿ ಮುಗೀತು.
ಹದಿನೇಳು ವರ್ಷಕ್ಕ.
ಬೆಟಗೇರಿ ಓಣ್ಯಾಗ ಹೇಳಿದ್ರ ನಗ್ತಾರ,
ನಗಲಿ.

ಶುರು ಮಾಡಿದ್ದು ತೊಟ್ಟಿಲ ಅಳತಿಗೆ.
ತಂಗಿ ಶಾವಂತ್ರಿಗೆ ಆಗ ಆರು ತಿಂಗಳು.
ಮೂರು ಗೇಣು ಅಗಲ, ನಾಕು ಗೇಣು ಉದ್ದ,
ಒಂದು ತಿಂಗಳ ಕೆಲಸ ಅಂದಿದ್ದೆ.
ಪ್ರೆಸ್ಸಿನ್ಯಾಗ ದಿನಕ್ಕ ನೂರು ಲೆಕ್ಕದ ಬುಕ್ಕಿನ
ಬೆನ್ನು ಹೊಲಿಯೋ ಕೈ ಇದು,
ಇದರ ಮುಂದ ಒಂದು ಕೂಸಿನ ಕೌದಿ ಏನು?

ಹಜರತಬಿ ನೋಡಿ ಅಂದ್ಲು:
"ಪುಸ್ತಕ ಬಿಗಿ ಹೊಲಿದ್ರ ನಿಲ್ತೈತಿ,
ಕೌದಿ ಬಿಗಿ ಹೊಲಿದ್ರ ಮುನಿಸ್ಕೊಂತೈತಿ.
ಕೈ ಸಡ್ಲ ಬಿಡವಾ."
ಬಿಡಲಿಲ್ಲ ನಾ.
ಅಂಚಿನಿಂದ ಒಳಗ, ಒಳಗಿಂದ ಇನ್ನೂ ಒಳಗ,
ಬಾವಿ ಮೆಟ್ಟಲಾ ಇಳಿದಂಗ ಸುತ್ತು ಹಾಕಿ ಹಾಕಿ
ನಡುವಿಗೆ ಬರೂದ್ರಾಗ
ಬಟ್ಟಿ ಉಬ್ಬಿ ಕುಂತಿತ್ತು
ಎಣ್ಣ್ಯಾಗ ಬಿಟ್ಟ ಪೂರಿ ಹಂಗ.

ಬಿಚ್ಚಿದೆ.
ಬಿಚ್ಚೂದು ಪ್ರೆಸ್ಸಿನ್ಯಾಗ ಯಾರೂ ಕಲಿಸಿರಲಿಲ್ಲ,
ಅಲ್ಲಿ ತಪ್ಪಿದ್ದೆಲ್ಲಾ ರದ್ದಿಗೆ, ಕಿಲೋ ಲೆಕ್ಕದಾಗ.
ಬಿಚ್ಚತಿರೂವಾಗನ ಕೂಸು ಹುಟ್ಟಿತು. ಗಂಗೋತ್ರಿ.
ಅಂಗಡಿ ಚಾದರ ಹೊದಿಸಿ ತೂಗಿದ್ರು.
ನಾ ಹೋಗಿ ಹಾಲುಸಕ್ಕರಿ ಕುಡದು ಬಂದೆ,
ಕೌದಿ ಮಾತು ಎತ್ತಲಿಲ್ಲ.

ತೊಟ್ಟಿಲ ಸಣ್ಣದಾತು ಅಂದ್ರು,
ಸುತ್ತಲೂ ಒಂದು ಪಟ್ಟಿ ಕೂಡಿಸಿದೆ, ಹಳೇ ಖಣದ್ದು.
ಅಂಗನವಾಡಿಗೆ ಹೋದ್ಲು ಅಂದ್ರು,
ಇನ್ನೊಂದು ಪಟ್ಟಿ, ಇಳಕಲ್ ಸೀರಿಯ ಒಡಲಿಂದು.
ನಾ ಒಂದು ಪಟ್ಟಿ ಕೂಡಿಸೂದ್ರಾಗ
ಅಕಿ ಎರಡು ಪಟ್ಟಿ ಬೆಳೀತಿದ್ಲು.
ಒಂದು ಮೂಲಿ ಇಲಿ ತಿಂತು.
ಅದೇ ವರ್ಷ ಪ್ರೆಸ್ ಬಾಗಿಲಾ ಹಾಕ್ತು,
ಕಡೇ ಪಗಾರದ ಜೋಡಿ ಮಾಲಕರು
ಕ್ಯಾಲಿಕೋ ಚೂರಿನ ಗಂಟೊಂದು ಕೊಟ್ರು.
ಇಲಿ ತಿಂದ ಮೂಲಿಗೆ ಅದನ್ನ ಹಾಕಿದೆ,
ಕರಿಗೆಂಪು, ಖಾತೆ ಬುಕ್ಕಿನ ರಟ್ಟಿನ ಬಣ್ಣ.

ಆಮ್ಯಾಲೆ ಆರು ವರ್ಷ ಮುಟ್ಟಲಿಲ್ಲ.
ಯಾಕಂತ ಕೇಳಿದ್ರ ದೊಡ್ಡ ಕಾರಣ ಏನಿಲ್ಲ.
ಟ್ರಂಕಿನ ಮ್ಯಾಲೆ ಮಿಕ್ಸರ್ ಇಟ್ಟಿದ್ವಿ.

ಹೋದ ಜೂನದಾಗ ಗಂಗೋತ್ರಿ ಬಂದ್ಲು
ಪಿಯುಸಿ ಓದಾಕ, ನಮ್ಮನಿಗೆ.
ಬಟ್ಟಿ ಇಡಾಕ ಜಾಗ ಹುಡುಕಿ ಟ್ರಂಕು ತಗದ್ಲು.
"ದೊಡ್ಡವ್ವಾ, ಇದು ಯಾರದು?"
"ನಿಂದು," ಅಂದೆ,
ಸಾಲದವ್ರಿಗೆ ಸಿಕ್ಕಿಬಿದ್ದಂಗ.

ಆಪರೇಶನ್ ಆದ ಕಣ್ಣು, ಸೂಜಿ ಬಾಯಿ ಕಾಣೂದಿಲ್ಲ.
ಅಕಿ ದಿನಾ ಕಾಲೇಜಿಗೆ ಹೋಗೂಮುಂಚೆ
ಹತ್ತು ಸೂಜಿಗೆ ದಾರ ಪೋಣಿಸಿ
ಕ್ಯಾಲೆಂಡರಿನ ಅಂಚಿಗೆ ಸಾಲಾಗಿ ಚುಚ್ಚಿ ಹೋಗ್ತಿದ್ಲು.
ಹತ್ತು ಮುಗಿದ್ರ ಆ ದಿನದ ಕೆಲಸ ಮುಗೀತು.
ಅಷ್ಟ. ಅದಕ್ಕಿಂತ ಹೆಚ್ಚಿಂದು ಏನೂ ಆಗಲಿಲ್ಲ,
ಸುಳ್ಳು ಯಾಕ ಹೇಳ್ಲಿ.

ಇವತ್ತು ಕಡೇ ಮೂಲಿ.
ಖಾಲಿ ಹೊಟ್ಟೀಲೆ ಕೌದಿ ಮುಚ್ಚಬಾರದು ಅಂತ
ಹಜರತಬಿ ಗ್ವಾಡಿ ಹಿಡಕೊಂಡು ಬಂದು
ಹೋಳಿಗಿ ಚೂರೊಂದು ಒಳಗ ಸರಿಸಿದ್ಲು.
ಮುಚ್ಚಿದೆ. ಗಂಟು ಒಳಗ ಎಳದೆ.
ಅಕಿ ನಡುವಿಗೆ ಅಂಗೈ ಆಡಿಸಿ,
"ಇನ್ನೂ ಒಂಚೂರು ಉಬ್ಬೈತಿ ನೋಡು," ಅಂದ್ಲು.
ಹೂಂ ಅಂದೆ.

ರಾತ್ರಿ ಗಂಗೋತ್ರಿ ಹೊದ್ದು ಮಲಗಿದ್ಲು,
ಕಾಲ್ಬೆರಳು ಹೊರಗ.
"ಇನ್ನೊಂದು ಪಟ್ಟಿ?" ಅಂತ ಕೇಳಿದೆ.
"ಬ್ಯಾಡ ದೊಡ್ಡವ್ವಾ, ನಾ ಇನ್ನ ಬೆಳಿಯೂದಿಲ್ಲ,"
ಅಂದವಳು ಚಟ್ಟನ ಎದ್ದು ಕುಂತ್ಲು.
"ಸೂಜಿ ಒಂಬತ್ತೈತಿ!"

ಝಾಡಿಸಿದ್ವಿ. ತಿರುವಿದ್ವಿ.
ಹಿಟ್ಟು ನಾದಿದಂಗ ಗೇಣು ಗೇಣು ಒತ್ತಿ ನೋಡಿದ್ವಿ.
ಲ್ಯಾಬಿನ ಆಯಸ್ಕಾಂತ ತಂದು ಆಡಿಸಿದ್ಲು,
ಅದಕ್ಕ ನನ್ನ ಪಿನ್ನಷ್ಟ ಸಿಕ್ತು.
"ನಾ ಇದರಾಗ ಮಲಗೂದಿಲ್ಲ," ಅಂತ ಅಕಿ,
ಹದಿನೇಳು ವರ್ಷದ್ದನ್ನ
ಮತ್ತ ಬಿಚ್ಚೂದಾ ಅಂತ ನಾ.

ಹನ್ನೊಂದಕ್ಕ ಸಿಕ್ತು.
ನನ್ನ ಕುಪ್ಪಸದ ಹೆಗಲಿಗೆ,
ಪ್ರೆಸ್ಸಿನ್ಯಾಗ ಊಟದ ಗಂಟಿ ಹೊಡದಾಗ
ನಾವೆಲ್ಲಾ ಚುಚ್ಚಿಕೊಂಡು ಏಳತಿದ್ವೆಲ್ಲ, ಅಲ್ಲೇ.
ಒಂದು ಗೇಣು ದಾರ
ಇನ್ನೂ ಅದಕ್ಕ ಜೋತಾಡತಿತ್ತು.