ಬೊಂಬೆಯ ತೋಳು

ರಾತ್ರಿ ಪಾಳಿ ಮುಗಿಸಿ ಮುಖ ತೊಳೆದಿದ್ದೆನಷ್ಟೆ,
ನರ್ಸಿಂಗ್ ಹೋಮಿನ ಗೇಟಿನಾಚೆ ಅಣ್ಣನ ಮಗಳು ಸಿಂಚನ,
ಜೊತೆಗೆ ಅತ್ತಿಗೆ, ಕೈಯಲ್ಲಿ ಬಟ್ಟೆಯಂಗಡಿಯ ಚೀಲ,
ಚೀಲದ ತುಂಬ ಬಣ್ಣದ ಪುಸ್ತಕ.
ಏಳು ಕಾಲೇಜು. ಏಳರ ಮುಖಪುಟದಲ್ಲೂ
ಅದೇ ಹುಡುಗಿ, ಅದೇ ನಗು, ಅದೇ ಸ್ಟೆತಸ್ಕೋಪು.

"ನೀನೇ ಹೇಳ್ಬೇಕು ಕಣವ್ವ, ಯಾವುದ್ಕೆ ಸೇರ್ಸಾದು?"
ಅತ್ತಿಗೆ ಕೇಳಿದಳು, ಸ್ಕೂಲಿನ ಬಿಸಿಯೂಟಕ್ಕೆ
ಅಕ್ಕಿ ಅಳೆಯುವ ದನಿಯಲ್ಲಿ:
ಒಂದು ಪಾವು ಹೆಚ್ಚಾದರೂ ರಿಜಿಸ್ಟರಿಗೆ ಉತ್ತರ ಕೊಡಬೇಕು.

ನಾನೇನು ಹೇಳಲಿ?
ಪಾಸಾಗಿ ಎಂಟು ವರ್ಷ, ಮಂಡ್ಯದಲ್ಲೇ ಮೂರು ಆಸ್ಪತ್ರೆ,
ಸಂಬಳ ಹದಿಮೂರು ಸಾವಿರದ ಐನೂರು,
ಅದರಲ್ಲಿ ಯೂನಿಫಾರ್ಮಿಗೆಂದು ಹಿಡಿಯುವುದು ಬೇರೆ.
ಸರ್ಕಾರಿ ಹುದ್ದೆಯ ಪರೀಕ್ಷೆಗೆ ಎರಡು ಸಲ ಹೋದೆ.
ಎರಡನೆಯ ಸಲ ಪಕ್ಕದ ಬೆಂಚಿನವಳು
ಕೂಸನ್ನು ಗೇಟಿನಲ್ಲಿ ಅಜ್ಜಿಯ ಕೈಗಿತ್ತು ಬಂದಿದ್ದಳು.
ಅರ್ಧ ಪ್ರಶ್ನೆಪತ್ರಿಕೆಗೇ ಅವಳ ರವಿಕೆ ಒದ್ದೆ.
ನನ್ನ ವೇಲು ಕೊಟ್ಟೆ. ವಾಪಸು ಕೇಳಲಿಲ್ಲ.
ಅವಳ ನಂಬರು ಏನಾಯಿತೋ ಗೊತ್ತಿಲ್ಲ,
ನನ್ನದು ಪಟ್ಟಿಯಲ್ಲಿ ಇರಲಿಲ್ಲ.

ಇದನ್ನೆಲ್ಲ ಹೇಳಬಹುದಿತ್ತು.
ಮೈಸೂರಿನ ಬಸ್ಸು ಬಂತು, ಹತ್ತಿದೆವು.

ಮೊದಲನೆಯದು ರಿಂಗ್ ರೋಡಿನ ಮಗ್ಗುಲಿಗೆ,
ಗಾಜಿನ ಗೋಡೆ, ನೀರಿಲ್ಲದ ಕಾರಂಜಿ.
ಟೈ ಕಟ್ಟಿದವನು ಬಾದಾಮಿ ಹಾಲು ತರಿಸಿದ.
"ಜರ್ಮನಿ ಮೇಡಂ, ಜಪಾನ್ ಮೇಡಂ, ಉಳಿದಿರೋದು ಎರಡೇ ಸೀಟು."
"ನಿಮ್ಮ ಆಸ್ಪತ್ರೆ ಎಲ್ಲಿ?"
"ಟೈಅಪ್ ಇದೆ."
"ಎಷ್ಟು ಹಾಸಿಗೆ?"
"ಟೈಅಪ್ ಇದೆ ಮೇಡಂ."
ಲ್ಯಾಬಿನಲ್ಲಿ ಅಭ್ಯಾಸದ ಬೊಂಬೆ ಮಲಗಿತ್ತು,
ಬಂದ ದಿನದ ಪ್ಲಾಸ್ಟಿಕ್ಕನ್ನು ಇನ್ನೂ ಹೊದ್ದು,
ಮದುವೆಗೆಂದು ತಂದು ಉಡದೇ ಉಳಿದ ಸೀರೆಯ ಹಾಗೆ.
ತೋಳಿನಲ್ಲಿ ಒಂದೂ ಸೂಜಿಯ ಗುರುತಿಲ್ಲ.

ಎರಡನೆಯದರ ಮಾತು ಬೇಡ. ನಲ್ಲಿಯ ಹತ್ತಿರ
ಕ್ಯಾರಿಯರ್ ತೊಳೆಯುತ್ತಿದ್ದ ಹುಡುಗಿ ತಲೆಯೆತ್ತದೆ ಅಂದಳು:
"ಒರಿಜಿನಲ್ ಮಾರ್ಕ್ಸ್ ಕಾರ್ಡು ಕೊಡಬೇಡಿ ಅಕ್ಕಾ,
ಬಿಡಿಸ್ಕೊಳ್ಳೋಕೆ ಬೇರೆ ದುಡ್ಡು."

ಮೂರನೆಯದು ಮಂಡಿ ಮೊಹಲ್ಲಾದ ಆಚೆ, ಹಳೇ ಕಟ್ಟಡ.
ಸುಣ್ಣ ಉದುರಿದೆ, ಫ್ಯಾನು ಗೊಣಗುತ್ತದೆ,
ಕ್ಲಾಸಿನ ಬಾಗಿಲು ದಾಟಿದರೆ ಸೀದಾ ವಾರ್ಡು:
ಫಿನಾಯಿಲು, ಬಿಸಿ ಮುದ್ದೆ, ಯಾರದೋ ಕೆಮ್ಮು.
ಫೀಸು ಕೇಳಿದರೆ ಗುಮಾಸ್ತ ರಸೀತಿ ಪುಸ್ತಕವನ್ನೇ
ನಮ್ಮ ಕಡೆ ತಿರುಗಿಸಿದ.

ಇಲ್ಲೂ ಒಂದು ಬೊಂಬೆ. ತಲೆ ಬೋಳಾಗಿ,
ಮೊಣಕೈಯ ಒಳಗಡೆ ರಬ್ಬರು ಜರಡಿಯಾಗಿ,
ತೂತಿನ ಮೇಲೆ ಪ್ಲಾಸ್ಟರು, ಪ್ಲಾಸ್ಟರಿನ ಮೇಲೆ ತೂತು.
ಯಾರೋ ಹಣೆಗೆ ಸ್ಟಿಕ್ಕರು ಬಿಂದಿ ಅಂಟಿಸಿದ್ದರು.
ಮಂಚದ ಚೀಟಿಯಲ್ಲಿ: ಗೌರಮ್ಮ, ವಯಸ್ಸು ೪೨,
ದೂರು: ಯಾರೂ ಒಂದೇ ಸಲಕ್ಕೆ ಚುಚ್ಚುವುದಿಲ್ಲ.

ಅತ್ತಿಗೆ ನಕ್ಕಳು, ಬೆಳಗಿನಿಂದ ಮೊದಲ ಸಲ.
ಸಿಂಚನ ನಗಲಿಲ್ಲ. ಆ ತೋಳನ್ನೆತ್ತಿ, ಹೊರಳಿಸಿ,
ಹೆಬ್ಬೆರಳಲ್ಲಿ ಒತ್ತಿದಳು.
"ಅತ್ತೆ, ನರ ಎಲ್ಲೈತೆ?"
ನನ್ನ ತೋಳು ಚಾಚಿದೆ.
ಬೆರಳು ಹುಡುಕಿತು, ಜಾರಿತು, ನಿಂತಿತು.
"ಇದಾ?"
"ಅದೇ."

"ಇಲ್ಲಿ ಓದಿದ್ರೆ ಕೆಲ್ಸ ಸಿಕ್ಕೇ ಸಿಗ್ತದಾ?"
ಗೊತ್ತಿಲ್ಲ ಅತ್ತಿಗೆ.
ಏಳು ಪುಸ್ತಕದಲ್ಲೂ ಇಲ್ಲದ ಮಾತು ಇದೊಂದೇ,
ಇದೊಂದನ್ನೇ ನಾನು ಖಾತ್ರಿಯಾಗಿ ಹೇಳಬಲ್ಲೆ.
ಗೌರಮ್ಮನ ತೋಳು ನೋಡು. ಇಷ್ಟೂ ತೂತು
ನಿನ್ನ ಮಗಳು ಜೀವವಿರುವವರಿಗೆ ಮಾಡದೆ ಉಳಿಸುವ ತಪ್ಪು.
ಕೆಲಸ ಬೇರೆ ಲೆಕ್ಕ.

ವಾಪಸು ಬಸ್ಸಿನಲ್ಲಿ ಅತ್ತಿಗೆ ಸೀಬೆಕಾಯಿ ಹೆಚ್ಚಿದಳು,
ಉಪ್ಪು ಖಾರ ಸುರಿಯಲು ಒಂದು ಮುಖಪುಟ ಹರಿದಳು,
ಆ ಹುಡುಗಿಯ ನಗುವಿನ ಮೇಲೇ.
ಅರ್ಜಿ ಇನ್ನೂ ಖಾಲಿ, ಪೆನ್ನು ಯಾರಲ್ಲೂ ಇರಲಿಲ್ಲ.
ಎಂಟು ಗಂಟೆಗೆ ನನಗೆ ಮತ್ತೆ ಪಾಳಿ.
ಕಣ್ಣು ಮುಚ್ಚಿದೆ. ನನ್ನ ಕೈ ಅವಳ ಮಡಿಲಲ್ಲೇ ಇತ್ತು,
ಶ್ರೀರಂಗಪಟ್ಟಣ ದಾಟಿದ ಮೇಲೂ
ಅವಳಿನ್ನೂ ಒತ್ತಿ ಒತ್ತಿ ನೋಡುತ್ತಿದ್ದಳು.