ಕಡಿಮೆ ಬಂದ ತೂಕ

ಬಂದರಿನ ನಮ್ಮ ಗುಜರಿ ಅಂಗಡಿಗೆ
ಫೆಲ್ಸಿಬಾಯಿ ಮೊದಲ ಸಲ ಬಂದದ್ದು ಒಂದು ಶುಕ್ರವಾರ,
ಸಾಹುಕಾರರು ಜುಮಾ ನಮಾಜಿಗೆ ಹೋದ ಹೊತ್ತು.
ಕೈಯಲ್ಲೊಂದು ಸ್ಟೀಲಿನ ಚಮಚ.
ರಾಶಿ ಹತ್ತಿ, ಒಂದೊಂದನ್ನೇ ತಟ್ಟಿ, ಕಿವಿಗೊಟ್ಟು,
ಇದು ಇರಲಿ, ಇದು ಬೇಡ, ಇದು ಸತ್ತಿದೆ ಎಂದಳು.

ಇಪ್ಪತ್ತೆರಡು ವರ್ಷದಿಂದ ಇಲ್ಲಿ ತೂಕ ಬರೆಯುವವ ನಾನು.
ಗುಜರಿಯಲ್ಲಿ ಸತ್ತದ್ದು ಬೇರೆ ಬದುಕಿದ್ದು ಬೇರೆ ಎಂದು
ಯಾರೂ ಹೇಳಿರಲಿಲ್ಲ ಮಾರಾಯ್ರೆ.
ಕಬ್ಬಿಣಕ್ಕೆ ಕಬ್ಬಿಣದ ರೇಟು,
ಹಿತ್ತಾಳೆಗೆ ಹಿತ್ತಾಳೆಯದು.

ಹದಿನಾರು ವರ್ಷ ಕಾನ್ವೆಂಟಿನಲ್ಲಿ ಡ್ರಾಯಿಂಗ್ ಟೀಚರಂತೆ.
ಮಕ್ಕಳಿಂದ ಹೂಜಿ, ಬಾಳೆಹಣ್ಣು ಬರೆಸಿ ಬರೆಸಿ
ಒಂದು ದಿನ ತನಗೇ
ಬಾಳೆಹಣ್ಣು ಕಾಣುವುದು ನಿಂತುಹೋಯಿತು ಎಂದಳು,
ಟ್ರಾಲ್ ಬೋಟಿನ ಮುರಿದ ಪಂಕವನ್ನು
ಕೂಸಿನ ಹಾಗೆ ತೊಡೆಯ ಮೇಲಿಟ್ಟುಕೊಂಡು.
(ಹದಿನೆಂಟು ಕಿಲೋ. ಪುಸ್ತಕದಲ್ಲಿ ಉಂಟು.)

ಬೋಳಾರದಲ್ಲಿ, ಹೊಳೆಗೆ ಬೆನ್ನು ಹಾಕಿ ನಿಂತ
ಮುಚ್ಚಿದ ಹಂಚಿನ ಕಾರ್ಖಾನೆ,
ಅದರ ಒಣಗಿಸುವ ಶೆಡ್ಡು ಅವಳಿಗೆ ಸಿಕ್ಕಿತು.
ಮಾಡಿನಿಂದ ಹಂಚು ಇಳಿಸಲು ಬಂದ ಅಪ್ಪಿಯಕ್ಕ
ಒಂದನ್ನು ಮಗುಚಿ ಹಾಗೇ ಕೂತುಬಿಟ್ಟಳು.
ಹಂಚಿನ ಮೇಲೆ ನಾಲ್ಕು ಹೆಜ್ಜೆ.
"ಇದು ನಮ್ಮ ಕಾಳು.
ಹಸಿಹಂಚಿನ ಮೇಲೆ ಇದು ಓಡಿದ್ದಕ್ಕೆ
ಮೇಸ್ತ್ರಿ ನನ್ನ ಅರ್ಧ ದಿನದ ಸಂಬಳ ಮುರಿದ."
ನಲವತ್ತು ಮಳೆಗಾಲ ಆ ನಾಯಿ
ಮಾಡಿನ ಮೇಲೆ ನಿಂತಿತ್ತು, ಯಾರಿಗೂ ಗೊತ್ತಿಲ್ಲದೆ.

ಸಂಜೆ ಶಟರು ಎಳೆದ ಮೇಲೆ ನಾನೂ ಹೋಗತೊಡಗಿದೆ.
ಚೆಯ್ಯಬ್ಬ ಬೆಸುಗೆ ಹಾಕುವಾಗ ಟಾರ್ಚು ಹಿಡಿಯಲು,
ಇಲ್ಲ, ಅದಲ್ಲ, ಸುಮ್ಮನೆ.
ಬೆಂಗ್ರೆಯ ದೂಮಣ್ಣ ಹಳೆಯ ಬಲೆ ತಂದಿದ್ದ.
ಪಾಲಿಟೆಕ್ನಿಕ್ಕಿನ ಇಬ್ಬರು ಹುಡುಗರು,
ಒಬ್ಬಳು ನರ್ಸು, ನೈಟ್ ಡ್ಯೂಟಿಗೆ ಮುಂಚೆ.
ನೆಲದ ಮೇಲೆ ಸ್ಟವ್ವು, ಕಪ್ಪು ಚಹಾ, ಜಗಳ.
ಬಲೆಯ ತುಂಬ ಹಂಚು ತೂಗಿಬಿಟ್ಟೆವು, ಬಂಗುಡೆ ಬಿದ್ದ ಹಾಗೆ.
ಹೊಳೆಯ ಗಾಳಿ ಬಂದರೆ ಅವು
ಒಂದಕ್ಕೊಂದು ತಾಗಿ ಏನೋ ಹೇಳಿಕೊಳ್ಳುತ್ತಿದ್ದವು,
ತುಳುವೋ ಕೊಂಕಣಿಯೋ ಬ್ಯಾರಿಯೋ, ತಿಳಿಯದು.

ತೆರೆದ ದಿನ ಬೆಂಗಳೂರಿನ ಕನ್ನಡಕದವರೊಬ್ಬರು
ಸುತ್ತು ಬಂದು, ಇದರ ಅರ್ಥವೇನು ಎಂದರು.
ಅವಳು ಚೆಯ್ಯಬ್ಬನನ್ನು ತೋರಿಸಿದಳು.
"ಅರ್ಥ ಗೊತ್ತಿಲ್ಲ ಸಾರ್," ಎಂದ ಚೆಯ್ಯಬ್ಬ, "ಬೀಳುವುದಿಲ್ಲ."

ಅಷ್ಟರಲ್ಲಿ ದೂಮಣ್ಣ ಬಲೆಯ ಕೆಳಗೆ ಕೂತು
ಸೊಂಟದಿಂದ ಸೂಜಿ ತೆಗೆದಾಗಿತ್ತು.
ಆ ತೂತು ಬೇಕೆಂದೇ ಬಿಟ್ಟದ್ದು, ಅವಳೆಂದಳು.
"ಹರಿದ ಬಲೆ ಎದುರಿಗಿಟ್ಟು
ನಿನಗೆ ಊಟ ಇಳಿಯುತ್ತದಾ ಬಾಯಿ?"
ಸ್ವಲ್ಪ ಹೊತ್ತು ನಿಂತಳು.
ಮತ್ತೆ ನೂಲಿನ ತುದಿ ಹಿಡಿದು ಪಕ್ಕಕ್ಕೆ ಕೂತಳು.
ಬಂದವರೆಲ್ಲ ಅದನ್ನೇ ಪ್ರದರ್ಶನವೆಂದು ನೋಡಿದರು.

ಹದಿನೈದನೆಯ ದಿನ ಜಾಗ ಖಾಲಿ ಮಾಡಬೇಕಾಯಿತು.
ಎರಡು ಟೆಂಪೋ, ಮತ್ತೆ ನಮ್ಮ ಅಂಗಳಕ್ಕೇ.
ಹೋದದ್ದು ನಾನ್ನೂರ ಹನ್ನೆರಡು ಕಿಲೋ.
ಬಂದದ್ದು ಮುನ್ನೂರ ತೊಂಬತ್ತೇಳು.
ಸಾಹುಕಾರರು ಕನ್ನಡಕ ಏರಿಸಿ ನನ್ನನ್ನು ನೋಡಿದರು.

ನನಗೆ ಗೊತ್ತು. ಪಂಕದ ಒಂದು ಎಸಳು
ದೂಮಣ್ಣನ ಬಾಗಿಲಿಗೆ ಅಡ್ಡ ಉಂಟು, ಗಾಳಿಗೆ ಬಡಿಯದ ಹಾಗೆ.
ಸರಪಳಿ ಆ ನರ್ಸಿನ ಸ್ಕೂಟರಿಗೆ.
ಉಳಿದದ್ದು ಹುಡುಗರ ಚೀಲದಲ್ಲಿ.
ಅಪ್ಪಿಯಕ್ಕ ಹಂಚನ್ನು ಸೀರೆಯಲ್ಲಿ ಸುತ್ತಿ ಬಸ್ಸು ಹತ್ತಿದಳು,
ಲಗೇಜಾ ಎಂದು ಕಂಡಕ್ಟರ್ ಕೇಳಿದ್ದಕ್ಕೆ
ಅಲ್ಲ ಮಗಾ, ನಾಯಿ, ಎಂದಳಂತೆ.

ಫೆಲ್ಸಿಬಾಯಿ ಈಗ ಮಲ್ಪೆಯ ಕಡೆ, ಬೇರೆ ರಾಶಿ ಹತ್ತುತ್ತಾಳೆ.
ಚಮಚ ಮರೆತದ್ದೋ ಬಿಟ್ಟದ್ದೋ,
ನನ್ನ ಮೇಜಿನ ಡ್ರಾಯರಿನಲ್ಲಿ ಉಂಟು.
ತಕ್ಕಡಿಗೆ ಹಾಕುವ ಮುಂಚೆ ಒಮ್ಮೆ ತಟ್ಟುತ್ತೇನೆ.
ಸಾಹುಕಾರರು ಕೇಳಿದರೆ
ತುಕ್ಕು ನೋಡುತ್ತಿದ್ದೇನೆ ಎನ್ನುತ್ತೇನೆ.