ಷರಾ

ಹಳಗನ್ನಡ ಪಾಠ ಮಾಡುವವನ ಕೈಗೆ
ಮಳೆ ಅಳೆಯುವ ಕೆಲಸ ಕೊಟ್ಟರು.
ಸಸ್ಯಶಾಸ್ತ್ರದ ಹುದ್ದೆ ಖಾಲಿ, ಭೂಗೋಳದವರು ರಜೆಯಲ್ಲಿ,
ಪರಿಸರ ಸಂಘದ ಕಡತಕ್ಕೆ ಯಾರದ್ದಾದರೂ ಸಹಿ ಬೇಕಲ್ಲ.

ಬೆಳಗ್ಗೆ ಎಂಟೂವರೆಗೆ, ಸ್ಟಾಫ್ ರೂಮಿನ ಹಿಂದೆ,
ಲಾಳಿಕೆ ತೆಗೆದು, ಗಾಜಿನ ಅಳತೆಗೆ ನೀರು ಸುರಿದು
ಕಣ್ಣಮಟ್ಟಕ್ಕೆ ಹಿಡಿಯುತ್ತೇನೆ.
ಮಾತ್ರೆ ಎಣಿಸಿ ಸವೆದ ಕಣ್ಣು
ಈಗ ಮಿಲಿಮೀಟರು ಎಣಿಸುತ್ತದೆ.
ಕಾರ್ ಎಂದರೆ ಮಳೆಗಾಲ ಎಂದು ಹದಿನಾರು ವರ್ಷ ಹೇಳಿದ್ದೇನೆ,
ಎಷ್ಟು ಮಳೆ ಎಂದು ಯಾರೂ ಕೇಳಿರಲಿಲ್ಲ.

ರಿಜಿಸ್ಟರು ನನಗಿಂತ ಮೊದಲು ಅಟೆಂಡರ್ ಐತ್ತಪ್ಪಣ್ಣನದು.
ತಾರೀಕು, ಮಳೆ, ಗರಿಷ್ಠ, ಕನಿಷ್ಠ, ಕೊನೆಗೊಂದು ಷರಾ:
'ಡಬ್ಬದೊಳಗೆ ಕಪ್ಪೆ ಕೂತಿತ್ತು. ಲೆಕ್ಕ ತಪ್ಪಿರಬಹುದು.'
'ಮಗಳ ಹೆರಿಗೆ. ಎರಡು ದಿನದ್ದು ಒಟ್ಟಿಗೆ.'
ಮತ್ತೆ ವರ್ಷಕ್ಕೊಮ್ಮೆ, ತಪ್ಪದೆ,
'ಪಾರೆಯ ಪಳ್ಳ ತುಂಬಿತು.'
ಆ ಒಂದು ಸಾಲನ್ನೇ ಹುಡುಕಿ ಪುಟ ಮಗುಚಿದೆ:
ಮೊದಮೊದಲು ಕಾರ್ತೆಲಿನ ಮೊದಲ ವಾರ,
ಆಮೇಲೆ ಆಟಿಯ ಕಡೆಗೆ ಜಾರುತ್ತ ಜಾರುತ್ತ
ಒಂದು ವರ್ಷ ಬೇಸ್ಯದಲ್ಲೇ, ಒಂದೇ ರಾತ್ರಿಗೆ ತುಂಬಿ
ಮತ್ತೆ ಬತ್ತಿ, ಮತ್ತೆ ತುಂಬಿ.
ಅಲ್ಲಿ ಐತ್ತಪ್ಪಣ್ಣ ಬರೆದದ್ದು ಒಂದು ಪ್ರಶ್ನಾರ್ಥಕ ಚಿಹ್ನೆ ಮಾತ್ರ,
ಪೆನ್ನು ಕಾಗದವನ್ನು ಹರಿಯುವಷ್ಟು ಒತ್ತಿ.

ಜೂನ್ ಐದರ ಕಾರ್ಯಕ್ರಮ ಮೊದಲು ಮಳೆಯಿಲ್ಲದೆ,
ಆಮೇಲೆ ಕಲೆಕ್ಟರ ರೆಡ್ ಅಲರ್ಟ್ ರಜೆಗಳಿಗೆ ಸಿಕ್ಕಿ
ಮುಂದೆ ಮುಂದೆ ಹೋಗಿ ಸೋಣದಲ್ಲಿ ನಡೆಯಿತು.
ಜೀಪಿನಲ್ಲಿ ನೂರು ಸಸಿ. ಕಾಲೇಜಿನ ಹಿಂದಿನ ಪಾರೆ.
ಗುಂಡಿ ತೋಡುವ ಕೆಲಸವಿಲ್ಲ,
ಮುರಕಲ್ಲಿನಲ್ಲಿ ಹೋದ ವರ್ಷದವು ಹಾಗೇ ಇವೆ,
ಒಂದೊಂದರಲ್ಲೂ ಒಂದು ಒಣಕಡ್ಡಿ,
ಕಡ್ಡಿಯ ಕೊರಳಲ್ಲಿ ನೆಟ್ಟವರ ಹೆಸರು.
'ಇದು ಗುಂಡಿಯೋ ಗೋರಿಯೋ ಸರ್?' ಅಂದ ಸನೂಪ್.

ಮಿಸ್ರಿಯಾ, ಬಿ.ಕಾಂ. ಎರಡನೇ ವರ್ಷ, ಆರಿಕ್ಕಾಡಿಯಿಂದ ಬರುವವಳು,
ಕೊಡೆ ಅತ್ತ, ಚೀಲ ಇತ್ತ,
ಪಾರೆಯ ಮೇಲೆ ಹೊಟ್ಟೆ ಅಡಿಯಾಗಿ ಮಲಗಿಬಿಟ್ಟಿದ್ದಳು.
'ಇಲ್ಲಿ ಖಾಲಿ ಇಲ್ಲ ಸರ್' ಅಂದಳು,
ಬಸ್ಸಿನಲ್ಲಿ ಗೆಳತಿಗೆ ಸೀಟು ಹಿಡಿದವಳ ಹಾಗೆ.

ಬಗ್ಗಿದೆ. ಮಂಡಿಯೂರಿದೆ. ಕೊನೆಗೆ ನಾನೂ ಮಲಗಿದೆ.
ಉಗುರಿನಷ್ಟು ಆಳದ ನೀರು.
ನೂಲಿನಂಥ ದಂಟು, ದಂಟಿನ ತುದಿಗೆ ಅಕ್ಕಿಕಾಳಿನಷ್ಟು ನೀಲಿ,
ಅದರ ಪಕ್ಕ ಮತ್ತೊಂದು, ಮತ್ತೆ
ಪಾರೆ ಮುಗಿಯುವವರೆಗೂ.
'ಕಾಕ್ಕಪ್ಪೂವು' ಅಂದ ಸನೂಪ್,
ಅವನ ಅಮ್ಮಮ್ಮ ಓಣಂಗೆ ಬುಟ್ಟಿ ತುಂಬ ತರುತ್ತಿದ್ದರಂತೆ.
ಬೇರಿನಲ್ಲಿ ಹುಳ ಹಿಡಿದು ತಿನ್ನುತ್ತದೆ ಎಂದಳು ಇವಳು,
ಮಣ್ಣಿಲ್ಲದ ಕಡೆ ಇನ್ನೇನು ತಿನ್ನಬೇಕು?
ಮರ ನೆಟ್ಟರೆ ನೆರಳು ಬೀಳುತ್ತದೆ,
ನೆರಳು ಬಿದ್ದರೆ ಇದು ಹೋಗುತ್ತದೆ.
ಪಾದೆ, ಪಾರ, ಪಾರೆ:
ಮೂರು ಭಾಷೆಯಲ್ಲಿ ಹೆಸರಿಟ್ಟು
ಮೂರರಲ್ಲೂ ಬರಡು ಎಂದಿದ್ದೆವು.

ಪ್ರಿನ್ಸಿಪಾಲರು ವಾಚು ನೋಡಿದರು. ನ್ಯಾಕ್ ತಂಡ ಬರುವ ವರ್ಷ.
'ನೆಟ್ಟದ್ದರ ಫೋಟೊ ಹಾಕಬಹುದು,
ನೆಡದೇ ಬಿಟ್ಟದ್ದರ ಫೋಟೊ ಹೇಗೆ ಹಾಕುವುದು?'
ಯಾರಲ್ಲೂ ಉತ್ತರ ಇರಲಿಲ್ಲ. ಈಗಲೂ ಇಲ್ಲ.
ಸಸಿಗಳು ನಾಲ್ಕು ಗಂಟೆಯ ಬಸ್ಸಿನಲ್ಲಿ ಮನೆಮನೆಗೆ ಹೋದವು,
ಒಂದು ಹಲಸಿಗೆ ಕಂಡಕ್ಟರ್ ಲಗೇಜು ಟಿಕೇಟು ಹರಿದನಂತೆ.
ನಾವು ಉಳಿದು ಒಣಕಡ್ಡಿ ಕಿತ್ತೆವು.
ನನ್ನ ಹೆಸರಿನದೂ ಒಂದು ಸಿಕ್ಕಿತು.
ಅದರ ಗುಂಡಿಯಲ್ಲಿ ಗೊದಮೊಟ್ಟೆಗಳಿದ್ದವು,
ಹಾಗೇ ಬಿಟ್ಟೆವು.

ಮರುದಿನ ರಿಜಿಸ್ಟರು ಅವಳ ಕೈಗೆ ಕೊಟ್ಟೆ.
ಮಳೆ ಮೂವತ್ತೊಂದು ಪಾಯಿಂಟ್ ಎರಡು.
ಷರಾದ ಕಿರಿದು ಮನೆಯಲ್ಲಿ ಹಿಡಿಸದೆ
ಅಂಚಿನಲ್ಲಿ ಮೇಲಕ್ಕೆ ಹತ್ತಿಸಿ ಬರೆದಳು,
ಒಂದು ಒತ್ತಕ್ಷರ ಬಿಟ್ಟು; ನಾನು ತಿದ್ದಲಿಲ್ಲ:
'ಪಳ್ಳ ತುಂಬಿದೆ. ಒಂದು ಚಾಪೆಯಗಲದಲ್ಲಿ ನೀಲಿ ಹೂ
ಇನೂರ ಹದಿನೇಳು. ಎಣಿಸುವಾಗ ಮಳೆ ಬಂತು.
ಲೆಕ್ಕ ತಪ್ಪಿರಬಹುದು.'